ಹನ್ನೊಂದು ಮನೆಗೆ ಒಬ್ಬರೇ ಸಿಸ್ಟರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಕೆಲಸದ ಜಾಗ, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ. ಸಲಹಾರ್ಥಿ ಓದಿ ಒಪ್ಪಿದ ಮೇಲೆಯೇ ಇದನ್ನು ಬರೆಯಲಾಗಿದೆ.)

ಸಲಹಾರ್ಥಿಗೆ 41 ವರ್ಷ. ಉತ್ತರ ಕರ್ನಾಟಕದ ಒಂದು ನಗರದ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಓಣಿಯವರಿಗೂ ಚರ್ಚಿನ ಸಭೆಯವರಿಗೂ ಆಕೆ ‘ಸಿಸ್ಟರ್’, ಇಲ್ಲಿಯೂ ಹಾಗೇ ಕರೆಯೋಣ. ಗಂಡ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೇ ತರಗತಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ. ಅಜ್ಜನ ಕಾಲದಿಂದ ಒಂದೇ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಕುಟುಂಬ.

ನಾಲ್ಕು ವರ್ಷದ ಹಿಂದೆ ಸಭೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜನಿಗೆ ಡ್ರೆಸ್ಸಿಂಗ್ ಮಾಡಲು ಹೋದವರು ಸಿಸ್ಟರ್. ಅಲ್ಲಿಂದ ಒಂದು ಮನೆ ಎರಡಾಯಿತು, ಎರಡು ಐದಾಯಿತು. ಸಲಹೆಗೆ ಬಂದಾಗ ಹನ್ನೊಂದು ಮನೆಗಳಿದ್ದವು. ಅದರಲ್ಲಿ ನಾಲ್ಕು ಮನೆ ಸಭೆಯವೇ ಅಲ್ಲ, ಓಣಿಯ ಹಿಂದೂ ಮುಸ್ಲಿಂ ಮನೆಗಳು. ಡ್ಯೂಟಿ ಮುಗಿಸಿ, ಕೆಲವೊಮ್ಮೆ ಡ್ಯೂಟಿಗೆ ಹೋಗುವ ಮುಂಚೆ, ಸ್ಕೂಟಿಯಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಪ್ಯಾಡು, ಬಿಪಿ ಯಂತ್ರ ಇಟ್ಟುಕೊಂಡು ತಿರುಗುವುದು. ರೊಕ್ಕ ಯಾರಿಂದಲೂ ತೆಗೆದುಕೊಂಡವರಲ್ಲ.

ಮೊದಲ ಭೇಟಿಯಲ್ಲಿ ಆಕೆ ಕೇಳಿದ್ದು ಸಲಹೆಯನ್ನಲ್ಲ. “ನನ್ನ ವಿಶ್ವಾಸ ಕಡಿಮಿ ಆಗೇತ್ರಿ. ನೀವು ಪ್ರಾರ್ಥನಾ ಮಾಡ್ರಿ, ಸಾಕು.” ಏನಾಯಿತು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ರಾತ್ರಿಯ ಸಂಗತಿ ಹೇಳಿದರು.

ಆಸ್ಪತ್ರೆಯಿಂದ ಅಂದೇ ಬಿಡುಗಡೆಯಾಗಿ ಬಂದಿದ್ದ ಒಬ್ಬ ತಾಯಿಗೆ ಇನ್ಸುಲಿನ್ ಕೊಡಬೇಕಿತ್ತು, 20 ಯೂನಿಟ್. ಸಿಸ್ಟರ್ ತಮ್ಮ ಚೀಲದಿಂದ ಸಿರಿಂಜ್ ತೆಗೆದು 20ರ ಗೆರೆಯವರೆಗೆ ಎಳೆದರು. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಮಗಳು ಕೇಳಿದಳು: “ಸಿಸ್ಟರ್, ದವಾಖಾನ್ಯಾಗ ಕೊಟ್ಟ ಸೂಜಿಗೆ ಕಿತ್ತಳಿ ಟೊಪಗಿ ಇತ್ತಲ್ರಿ? ಇದು ಕೆಂಪು ಅದ.” ಬಾಟಲಿ ನೋಡಿದರೆ ಎಂಎಲ್‌ಗೆ 100 ಯೂನಿಟ್‌ನದು. ಕೈಯಲ್ಲಿದ್ದದ್ದು ಎಂಎಲ್‌ಗೆ 40 ಯೂನಿಟ್ ಲೆಕ್ಕದ ಕೆಂಪು ಟೋಪಿಯ ಸಿರಿಂಜ್. ಆ ಸಿರಿಂಜ್‌ನಲ್ಲಿ 20ರ ಗೆರೆ ಎಂದರೆ ಅರ್ಧ ಎಂಎಲ್. 100ರ ಬಾಟಲಿಯಿಂದ ಅರ್ಧ ಎಂಎಲ್ ಎಳೆದರೆ ಅದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಆ ತಾಯಿ ಬೆಳಿಗ್ಗೆ ಏಳದೇ ಹೋಗಬಹುದಿತ್ತು. ಹದಿನೆಂಟು ವರ್ಷದ ಅನುಭವದ ನರ್ಸ್‌ಗೆ ಈ ವ್ಯತ್ಯಾಸ ಗೊತ್ತಿಲ್ಲದೆ ಇಲ್ಲ. ಅಂದು ಆಕೆ ನಿದ್ದೆ ಮಾಡಿ ಮೂವತ್ತು ಗಂಟೆ ಆಗಿತ್ತು.

“ದೇವರ ಕೆಲಸದಾಗ ಇದ್ದವಳಿಗೆ ಹಿಂಗ್ಯಾಕ ಆತು?” ಎನ್ನುವುದು ಆಕೆಯ ಪ್ರಶ್ನೆ. ಉತ್ತರವನ್ನು ಆಕೆ ಮೊದಲೇ ಇಟ್ಟುಕೊಂಡಿದ್ದರು: ಪ್ರಾರ್ಥನೆ ಸಾಲದು, ವಿಶ್ವಾಸ ಸಾಲದು. ಅದಕ್ಕೆ ಪರಿಹಾರವಾಗಿ ಶುಕ್ರವಾರದ ಉಪವಾಸ ಪ್ರಾರ್ಥನೆಯ ಜೊತೆಗೆ ಬುಧವಾರವೂ ಉಪವಾಸ ಶುರುಮಾಡಿದ್ದರು.

ಮೊದಲು ದೇಹ

ಸೇವೆಯಲ್ಲಿ ದಣಿದು ಬಂದವರ ಜೊತೆ ವಿಶ್ವಾಸದ ಮಾತನ್ನು ಮೊದಲ ದಿನವೇ ಎತ್ತಿಕೊಳ್ಳುವುದು ತಪ್ಪು. ದೇಹ ಸೋತಿದೆಯೇ, ಮನಸ್ಸು ಖಿನ್ನತೆಗೆ ಜಾರಿದೆಯೇ, ಸಾಯುವ ಯೋಚನೆ ಬರುತ್ತಿದೆಯೇ ಎನ್ನುವುದನ್ನು ಮೊದಲು ನೋಡಬೇಕು. ಕೊನೆಯ ಪ್ರಶ್ನೆಯನ್ನು ಸುತ್ತುಬಳಸದೆ ಕೇಳಬೇಕು. ವಿಶ್ವಾಸಿಗಳು ಇದನ್ನು ತಾವಾಗಿ ಹೇಳುವುದಿಲ್ಲ, ಪಾಪ ಎಂಬ ಹೆದರಿಕೆ. ಕೇಳಿದಾಗ ಸಿಸ್ಟರ್ ಹೇಳಿದ್ದು ಹೀಗೆ: “ಸಾಯಬೇಕು ಅಂತಲ್ರಿ. ಮಲಗಿದಾಕಿ ಏಳದಿದ್ರ ಛಲೋ ಅನಸ್ತದ.” ಇದೂ ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ಆ ಯೋಚನೆ ಬಲವಾದರೆ ಯಾರಿಗೆ ಮೊದಲು ಹೇಳುತ್ತಾರೆ ಎಂದು ಕೇಳಿ ಹೆಸರು ಬರೆಸಲಾಯಿತು. ಆಕೆ ತಂಗಿಯ ಹೆಸರು ಬರೆದರು. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಫೋನಿಗೆ ಸೇರಿತು.

ರಕ್ತ ಪರೀಕ್ಷೆಗೆ ಕಳಿಸಿದಾಗ ಥೈರಾಯ್ಡ್, ಸಕ್ಕರೆ ಸರಿ ಇದ್ದವು. ಹಿಮೋಗ್ಲೋಬಿನ್ 9.1. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲದಿರುವುದು, ಮಕ್ಕಳ ಮೇಲೆ ರೇಗುವುದು, ಇವಿಷ್ಟನ್ನೂ ಆಕೆ ಆತ್ಮಿಕ ಸೋಲು ಎಂದು ಎಣಿಸಿದ್ದರು. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಲಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಬೇಕು, ಮಾತ್ರೆಯ ಹಿಂದೆ ಮುಂದೆ ಚಹಾ ಕುಡಿಯಬಾರದು ಎಂದು ತಾವೇ ರೋಗಿಗಳಿಗೆ ಹೇಳುವವರು ತಮ್ಮ ಮಾತ್ರೆಯನ್ನು ಚಹಾದ ಜೊತೆ ನುಂಗುತ್ತಿದ್ದರು!

ಉಪವಾಸದ ಬಗ್ಗೆ ನೇರವಾಗಿ ಹೇಳಲಾಯಿತು: ರಕ್ತ ಏರುವವರೆಗೆ ಬೇಡ, ರಾತ್ರಿ ಪಾಳಿಯ ಮರುದಿನವಂತೂ ಬೇಡವೇ ಬೇಡ. ಆಕೆ ಒಪ್ಪಲಿಲ್ಲ. ಆಗ ತೆರೆದದ್ದು ಸತ್ಯವೇದದ (ಬೈಬಲಿನ) 1 ಅರಸು 19ನೇ ಅಧ್ಯಾಯ. ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ಊಟ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತುಕತೆ ನಡೆಯುವುದು ಇದಾದ ಮೇಲೆಯೇ. ಆಕೆ ಈ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದರು. ರೊಟ್ಟಿಯ ಹತ್ತಿರ ನಿಂತಿರಲಿಲ್ಲ.

168 ಗಂಟೆ

ಎರಡನೇ ಭೇಟಿಗೆ ಒಂದು ವಾರದ ಲೆಕ್ಕ ಬರೆದು ತರಲು ಹೇಳಲಾಗಿತ್ತು. ವಾರಕ್ಕೆ ಎಲ್ಲರಿಗೂ 168 ಗಂಟೆ. ಆಕೆಯದು ಹೀಗೆ: ಡ್ಯೂಟಿ 48, ಓಡಾಟ 9, ಮನೆ ಭೇಟಿ 23, ಸಭೆಯ ಕೂಟಗಳು 9, ಅಡುಗೆ, ಬಟ್ಟೆ, ಅತ್ತೆಯ ಆರೈಕೆ 35. ನಿದ್ದೆ 33. ಅಂದರೆ ದಿನಕ್ಕೆ ಐದು ಗಂಟೆಯೂ ಇಲ್ಲ. ಉಳಿದ 11 ಗಂಟೆಯಲ್ಲಿ ಸ್ನಾನ, ಊಟ, ಮಕ್ಕಳು, ಎಲ್ಲ.

ಈ ಹಾಳೆಯಲ್ಲಿ ಆಕೆಗೇ ಬಡಿದದ್ದು ನಿದ್ದೆಯ ಅಂಕಿಯಲ್ಲ. ಮಗಳಿಗೆ ಅಂತ ಒಂದು ಸಾಲೂ ಇರಲಿಲ್ಲ.

ಲೆಕ್ಕದ ಹಾಳೆಯ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಅದು ಮೂರನೇ ಭೇಟಿಯಲ್ಲಿ ಹೊರಬಂತು. ಒಬ್ಬ ಹುಡುಗನ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಲು ಅವನ ಮನೆಯಲ್ಲಿ ದುಡ್ಡಿರಲಿಲ್ಲ. ಸಿಸ್ಟರ್ ತಮ್ಮ ಎರಡು ಬಳೆ ಅಡವಿಟ್ಟು 80,000 ರೂಪಾಯಿ ತಂದುಕೊಟ್ಟಿದ್ದರು. ಗಂಡನಿಗೆ ಹೇಳಿರಲಿಲ್ಲ. ಬಳೆ ಎಲ್ಲಿ ಎಂದು ಅತ್ತೆ ಕೇಳಿದಾಗ ಆಸ್ಪತ್ರೆಯಲ್ಲಿ ಹಾಕಿಕೊಳ್ಳುವಂತಿಲ್ಲ ಎಂದಿದ್ದರು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, 800. ಐದು ತಿಂಗಳಿಂದ ಕಟ್ಟಿಲ್ಲ, 4,000 ಕೂತಿದೆ. ಕೈಗೆ ಬರುವ ಸಂಬಳ 21,500. ಅದರಲ್ಲಿ ಸಭೆಗೆ ಕೊಡುವ ದಶಮಾಂಶ (ಹತ್ತರಲ್ಲಿ ಒಂದು ಪಾಲು) 2,150, ಗಾಜ್, ಪ್ಯಾಡು, ಪೆಟ್ರೋಲಿಗೆ ಸುಮಾರು 3,400. ದೇವರು ಹೇಗಾದರೂ ತೀರಿಸುತ್ತಾನೆ ಎಂಬ ಭರವಸೆಯಲ್ಲಿ ಬ್ಯಾಂಕಿನ ಮೆಸೇಜುಗಳನ್ನು ತೆರೆಯುವುದನ್ನೇ ಬಿಟ್ಟಿದ್ದರು.

ಭರವಸೆ ಎಂಬ ಮಾತು ಇಲ್ಲಿ ದಾರಿ ತಪ್ಪಿತ್ತು. ದೇವರ ಮೇಲೆ ಭಾರ ಹಾಕಿದವರಿಗೆ ಆ ಮೆಸೇಜು ತೆರೆಯಲು ಧೈರ್ಯ ಬರಬೇಕು. ಆಕೆಗೆ ತೆರೆಯಲು ಭಯ. ಹಾಗಾದರೆ ಅಲ್ಲಿದ್ದದ್ದು ಭರವಸೆಯಲ್ಲ, ಭರವಸೆಯ ಹೆಸರು ಹೊತ್ತ ಹೆದರಿಕೆ. ಇದನ್ನು ಹೇಳಿದಾಗ ಆಕೆ ಅತ್ತರು. ಆದರೆ ಅಲ್ಲೇ ಕೂತು ಫೋನ್ ತೆಗೆದು ಒಂದೊಂದೇ ಮೆಸೇಜು ಓದಿದರು. ಹರಾಜಿನ ನೋಟಿಸ್ ಬಂದಿರಲಿಲ್ಲ. ಬಡ್ಡಿ ಕಟ್ಟುವಂತೆ ನೆನಪೋಲೆ ಮಾತ್ರ.

ಹಣದ ವಿಷಯದಲ್ಲಿ ಕೊಟ್ಟ ಸಲಹೆ ಇದು. ಮೊದಲು ಬಾಕಿ ಬಡ್ಡಿ 4,000 ಕಟ್ಟಬೇಕು. ಚಿನ್ನದ ಸಾಲಕ್ಕೆ ಅವಧಿ ಇರುತ್ತದೆ, ಇವರದು ಒಂದು ವರ್ಷ. ಅಷ್ಟರೊಳಗೆ ತೀರಿಸದೆ, ನವೀಕರಣವನ್ನೂ ಮಾಡಿಸದೆ ಸುಮ್ಮನಿದ್ದರೆ ನೋಟಿಸ್ ಕೊಟ್ಟು ಒಡವೆ ಹರಾಜು ಹಾಕುತ್ತಾರೆ. ಆದ್ದರಿಂದ ಪ್ರತಿ ತಿಂಗಳು ಬಡ್ಡಿಯ ಜೊತೆ ಅಸಲಿಗೂ ಒಂದಿಷ್ಟು ಸೇರಿಸಿ ಕಟ್ಟಬೇಕು, ರಸೀದಿಯಲ್ಲಿ ಅಸಲು ಇಳಿದಿದೆಯೇ ಎಂದು ನೋಡಬೇಕು. ಎರಡನೆಯದಾಗಿ, ಹುಡುಗನ ಮನೆಗೆ ಕೊಟ್ಟದ್ದು ಸಾಲವೋ ದಾನವೋ ಎಂದು ಒಂದು ವಾರದಲ್ಲಿ ತೀರ್ಮಾನಿಸಬೇಕು. ಕೇಳಲೂ ಆಗದೆ ಬಿಡಲೂ ಆಗದೆ ಮನಸ್ಸಿನಲ್ಲಿಟ್ಟುಕೊಂಡರೆ ಆ ಮನೆಗೆ ಹೋದಾಗಲೆಲ್ಲ ಕಹಿಯಾಗುತ್ತದೆ. ಆಕೆ ಯೋಚಿಸಿ, ಅರ್ಧ ದಾನ, ಉಳಿದರ್ಧವನ್ನು ತಿಂಗಳಿಗೆ 2,000ದಂತೆ ವಾಪಸು ಎಂದು ಆ ಮನೆಯವರ ಜೊತೆ ಮಾತಾಡಿ ಬರೆದುಕೊಂಡರು.

ಬಳೆ ಅಡವಿಡುವ ಮುಂಚೆ ಕೇಳಬೇಕಾಗಿದ್ದ ಒಂದು ಪ್ರಶ್ನೆಯೂ ಇತ್ತು. ಆ ಮನೆಗೆ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಯಾರೂ ಕೇಳಿರಲಿಲ್ಲ. ಬಡವರ ಮನೆಗೆ ಹೋಗುವ ಸೇವಕರು ಇಂಥ ದಾರಿಗಳನ್ನು ತಿಳಿದಿರಬೇಕು. ತಮ್ಮ ಕೈಯಿಂದ ಕೊಡುವುದರಲ್ಲಿ ಇರುವ ಸಮಾಧಾನ ದೊಡ್ಡದು, ನಿಜ. ಅರ್ಜಿ ತುಂಬಿಸಿ ಸಾಲಿನಲ್ಲಿ ನಿಲ್ಲುವುದೂ ಅಷ್ಟೇ ದೊಡ್ಡ ಸೇವೆ.

ಗಂಡನಿಗೆ ಹೇಳುವುದು

ಧೈರ್ಯ ಬೇಕಾದದ್ದು ಇಲ್ಲಿ. ಗೊತ್ತಿಲ್ಲದ ಓಣಿಗೆ ರಾತ್ರಿ ಹತ್ತಕ್ಕೆ ಒಬ್ಬರೇ ಹೋಗುವ ಹೆಣ್ಣುಮಗಳಿಗೆ ಅಡುಗೆಮನೆಯಲ್ಲಿ ಗಂಡನ ಎದುರು ಒಂದು ಮಾತು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಗಂಡ ಡಿಪೊದಿಂದ ದಣಿದು ಬಂದಿದ್ದಾಗ, ಮಕ್ಕಳು ಇರುವಾಗಲೇ, ಅಳುತ್ತ ಶುರುಮಾಡಿದರು. ಬಡವರಿಗೆ ಕೊಟ್ಟರೆ ಕರ್ತನಿಗೇ ಕೊಟ್ಟಂತೆ ಎಂಬ ಸತ್ಯವೇದದ ವಚನದಿಂದ ಮಾತು ಹೊರಟಿತು. ಗಂಡ ಕೇಳಿದ್ದು ಒಂದೇ: ಎಷ್ಟು? ಆಕೆ 40,000 ಎಂದರು. ಅರ್ಧ ಸತ್ಯದಿಂದ ಮನಸ್ಸು ಅರ್ಧವೂ ಹಗುರಾಗಲಿಲ್ಲ, ಇನ್ನೊಂದು ಸಲ ಬಾಯಿ ಬಿಡಬೇಕಾದ ಭಾರ ಹೆಚ್ಚಾಯಿತು.

ನಾಲ್ಕನೇ ಭೇಟಿಯಲ್ಲಿ ಮಾತನ್ನು ಬರೆದು, ಗಟ್ಟಿಯಾಗಿ ಎರಡು ಸಲ ಹೇಳಿಸಲಾಯಿತು. ಹೇಳುವ ಹೊತ್ತು: ಗಂಡನ ರಜೆಯ ದಿನ, ಊಟವಾದ ಮೇಲೆ, ಮಕ್ಕಳು ಇಲ್ಲದಾಗ. ಮೊದಲ ವಾಕ್ಯದಲ್ಲೇ ಪೂರ್ತಿ ಅಂಕಿ ಬರಬೇಕು. ವಚನ ಬೇಡ. ಸತ್ಯವೇದವನ್ನು ಗುರಾಣಿಯ ಹಾಗೆ ಹಿಡಿದರೆ ಎದುರಿನವರು ಗಂಡನೂ ಅಲ್ಲ, ವಿಶ್ವಾಸಿಯೂ ಅಲ್ಲ, ಎದುರಾಳಿ ಆಗುತ್ತಾರೆ. ಕ್ಷಮೆ ಕೇಳುವುದು ಕೊಟ್ಟದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಆಮೇಲೆ ತೀರಿಸುವ ಹಾಳೆ ಮುಂದಿಡಬೇಕು. ಅವರು ಸಿಟ್ಟಾದರೆ ಸಮಾಧಾನ ಮಾಡಲು ಅವಸರ ಬೇಡ, ಅದು ಅವರ ಹಕ್ಕು. (ಹೊಡೆತದ ಭಯವಿರುವ ಮನೆಯಾದರೆ ಈ ಸಲಹೆ ಸಲ್ಲದು. ಅಲ್ಲಿ ಮೂರನೆಯವರೊಬ್ಬರು ಇರಲೇಬೇಕು. ಈ ಮನೆಯಲ್ಲಿ ಅಂಥದ್ದಿಲ್ಲ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಲಾಗಿತ್ತು.)

ಆಕೆ ಹೇಳಿದರು: “ಒಟ್ಟು ಎಂಬತ್ತು ಸಾವಿರ ರೀ. ಮೊನ್ನೆ ನಲವತ್ತು ಅಂದಿದ್ದು ಸುಳ್ಳು. ನಿಮ್ಮಿಂದ ಮುಚ್ಚಿಟ್ಟಿದ್ದು ನನ್ನ ತಪ್ಪು.”

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೇ ದಿನ ಗಂಡ ಅಂದದ್ದು: “ದೇವರ ಕೆಲಸಕ್ಕ ನಾ ಯಾವತ್ತರ ಬ್ಯಾಡ ಅಂದೇನೇನ? ನನಗ್ಯಾಕ ಹೇಳಲಿಲ್ಲ ನೀ?” ಐದನೇ ಭೇಟಿಗೆ ಅವರೂ ಬಂದರು. ಕಡಿಮೆ ಮಾತಿನ ಮನುಷ್ಯ. ಸಭೆಯವರೆಲ್ಲ ನಿಮ್ಮ ಹೆಂಡತಿ ದೇವತೆ ಎಂದು ಹೊಗಳುವಾಗ ತನಗೆ ಮನೆಯಲ್ಲಿ ಹೆಂಡತಿಯೇ ಇಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳುವುದು ಎಂದು ಕೇಳಿದರು. ಸೇವೆ ಮಾಡುವವರ ಮನೆಯವರ ಈ ಒಂಟಿತನವನ್ನು ಸಭೆಗಳು ಗಮನಿಸುವುದು ತೀರ ಅಪರೂಪ.

ಮನೆಗಳನ್ನು ಹಂಚುವುದು

ಭೇಟಿಗಳನ್ನು ನಿಲ್ಲಿಸಿಬಿಡಿ ಎಂದು ಸಲಹೆ ಕೊಟ್ಟಿದ್ದರೆ ಅದು ಸುಲಭದ, ಕೆಟ್ಟ ಸಲಹೆಯಾಗುತ್ತಿತ್ತು. ಕರೆ ನಿಜವಾದದ್ದೇ, ಕೈಗುಣವೂ ನಿಜವಾದದ್ದೇ. ಹನ್ನೊಂದು ಮನೆಗಳನ್ನು ಹಾಳೆಯ ಮೇಲೆ ಬಿಡಿಸಿದಾಗ ತಿಳಿದದ್ದು: ನರ್ಸ್‌ನ ಕೈಯೇ ಬೇಕಾದ ಮನೆಗಳು ಮೂರು (ಆಳದ ಹುಣ್ಣು, ಮೂತ್ರದ ನಳಿಕೆ ಅಂದರೆ ಕ್ಯಾತಿಟರ್, ಇನ್ಸುಲಿನ್). ಕಲಿಸಿದರೆ ಯಾರಾದರೂ ಮಾಡಬಲ್ಲ ಕೆಲಸವಿರುವ ಮನೆ ಆರು. ಇನ್ನೆರಡು ಮನೆಯಲ್ಲಿ ಬೇಕಾಗಿದ್ದದ್ದು ಬಂದು ಕೂತು ಮಾತಾಡುವ ಒಬ್ಬ ಮನುಷ್ಯ, ಅಷ್ಟೇ.

ಆಕೆಗೆ ನರ್ಸಿಂಗ್ ಕಾಲೇಜಿನಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಕತ್ತಲಲ್ಲಿ ಒಬ್ಬರೇ ದೀಪ ಹಿಡಿದು ನಡೆಯುವ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರವೇ ಆಕೆಯ ಸೇವೆಯ ಚಿತ್ರ. ಆ ನೈಟಿಂಗೇಲ್ 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೊರಟಾಗ ಜೊತೆಗೆ 38 ನರ್ಸ್‌ಗಳಿದ್ದರು. ಅದಕ್ಕೂ ಮುಂಚೆ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವೆರ್ಟ್‌ನಲ್ಲಿ ತರಬೇತಿ ಪಡೆದಿದ್ದರು. ಪಾದ್ರಿ ಥಿಯೋಡೋರ್ ಫ್ಲೀಡ್ನರ್ 1836ರಲ್ಲಿ ಅಲ್ಲಿ ಶುರುಮಾಡಿದ್ದು ಸೇವಕಿಯರು ಒಟ್ಟಿಗೆ ಬಾಳಿ, ಕಲಿತು, ಪಾಳಿ ಹಂಚಿಕೊಂಡು ರೋಗಿಗಳನ್ನು ನೋಡುವ ಮನೆ. ಸತ್ಯವೇದದ ಲೂಕ 10ರಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನೂ ಗಾಯ ಕಟ್ಟಿ, ಒಂದು ರಾತ್ರಿ ನೋಡಿಕೊಂಡು, ಮರುದಿನ ಎರಡು ದಿನದ ಕೂಲಿಯಷ್ಟು ಹಣ ಛತ್ರದವನ ಕೈಗಿಟ್ಟು ಇವನನ್ನು ಆರೈಕೆಮಾಡು ಎಂದು ತನ್ನ ದಾರಿ ಹಿಡಿಯುತ್ತಾನೆ. ಮಿಕ್ಕದ್ದು ಛತ್ರದವನ ಪಾಲಿನ ಸೇವೆ.

ಸಭಾಪಾಲಕರಿಗೆ (ಚರ್ಚಿನ ಪಾದ್ರಿಗೆ) ಆಕೆ ನಾಲ್ಕು ಸಾಲಿನ ಪತ್ರ ಬರೆದರು: ಹನ್ನೊಂದು ಮನೆಯ ಪಟ್ಟಿ, ತಾನು ಮುಂದೆ ನೋಡಬಲ್ಲ ಮೂರು ಮನೆ, ಉಳಿದ ಎಂಟಕ್ಕೆ ಏಳೆಂಟು ಜನ ಬೇಕು, ಕಲಿಸಲು ತಾನು ಸಿದ್ಧ. ಪತ್ರ ಕೊಟ್ಟಾಗ ಮೊದಲು ಬಂದ ಉತ್ತರ, “ಕರ್ತನು ಬಲ ಕೊಡ್ತಾನೆ ಸಿಸ್ಟರ್.” ಆಕೆಯೂ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತನ್ನು ಹೇಳಿದರು: “ಹೌದ್ರಿ ಅಯ್ಯನವರೇ. ಆ ಬಲ ಈ ಸಲ ಏಳು ಜನರ ರೂಪದಾಗ ಬರಲಿ ಅಂತ ಕೇಳ್ಲಿಕತ್ತೀನಿ. ಅಪೊಸ್ತಲರ ಕೃತ್ಯ ಆರರಾಗ ಊಟ ಹಂಚೋ ಸೇವೆಗೆ ಆರಿಸಿದ್ದೂ ಏಳು ಜನರನ್ನೇ.” ಮುಂದಿನ ಭಾನುವಾರ ಆರಾಧನೆಯಲ್ಲಿ ಪ್ರಕಟಣೆ ಆಯಿತು. ಮಹಿಳಾ ಸಂಘದಿಂದ ಐವರು, ಯುವಕರು ಇಬ್ಬರು ಬಂದರು.

ಮೂರು ಭಾನುವಾರ, ಆರಾಧನೆಯ ಬಳಿಕ ಮುಕ್ಕಾಲು ಗಂಟೆಯಂತೆ ಕಲಿಸಿದ್ದು: ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಪೂರ್ತಿ ಪಕ್ಕಕ್ಕೆ ಹೊರಳಿಸದೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡುವುದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತುವುದು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ, ಅಂದೇ ತಿಳಿಸಬೇಕು. ಊಟ ಕೂರಿಸಿಯೇ ಕೊಡಬೇಕು, ಊಟದ ಮೇಲೆ ಅರ್ಧ ಗಂಟೆ ಮಲಗಿಸಬಾರದು, ಇಲ್ಲವಾದರೆ ಅನ್ನ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಇಂಜೆಕ್ಷನ್ ಮುಟ್ಟುವಂತಿಲ್ಲ, ಮಾತ್ರೆ ಬದಲಿಸುವಂತಿಲ್ಲ, ದುಡ್ಡು ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಹೋಗುವುದು ಇಬ್ಬಿಬ್ಬರು. ರೋಗಿ ಕೇಳಿದರೆ ಪ್ರಾರ್ಥನೆ, ಕೇಳದಿದ್ದರೆ ಇಲ್ಲ. ಬೇರೆ ಧರ್ಮದ ಮನೆಗಳಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಹುಣ್ಣು ತೊಳೆಯುವ ಕೈಗೆ ಪ್ರತಿಫಲವಾಗಿ ಏನನ್ನೂ ಕೇಳಕೂಡದು, ಭಕ್ತಿಯನ್ನೂ.

ಸಿಸ್ಟರ್‌ಗೂ ಒಂದು ನಿಯಮ: ವೈದ್ಯರ ಲಿಖಿತ ಸೂಚನೆ ಕೈಯಲ್ಲಿಲ್ಲದೆ ಯಾರ ಮನೆಯಲ್ಲೂ ಇಂಜೆಕ್ಷನ್ ಕೊಡಬಾರದು. ಇನ್ಸುಲಿನ್ ಆದರೆ ಬಾಟಲಿಯ ಮೇಲಿನ 40 ಅಥವಾ 100 ಅನ್ನು ಮನೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಸಿರಿಂಜಿನ ಟೋಪಿಯ ಬಣ್ಣ ತೋರಿಸಿ, ಆಮೇಲೆ ಎಳೆಯಬೇಕು. ರಾತ್ರಿ ಪಾಳಿ ಮುಗಿಸಿ ಮಲಗದೆ ಯಾವ ಮನೆಗೂ ಹೋಗುವಂತಿಲ್ಲ.

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ತಿಂಗಳಲ್ಲಿ ಏಳು ಜನ ನಾಲ್ಕಾದರು. ಒಬ್ಬ ಹುಡುಗ ಕೆಂಪಾದ ಹಿಮ್ಮಡಿಗೆ ಎಣ್ಣೆ ಹಚ್ಚಿ ತಿಕ್ಕಿದ, ಚರ್ಮ ಸುಲಿಯಿತು. ಕೆಂಪಾದ ಜಾಗವನ್ನು ತಿಕ್ಕಬಾರದು ಎಂದು ಹೇಳುವುದನ್ನೇ ತರಬೇತಿಯಲ್ಲಿ ಮರೆತಿದ್ದರು. ಒಂದು ಮನೆಯ ಅಜ್ಜಿ ಬೇರೆಯವರು ಬಂದರೆ ಬಾಗಿಲನ್ನೇ ತೆರೆಯಲಿಲ್ಲ, “ಸಿಸ್ಟರೇ ಬರಬೇಕು.”

ಆರನೇ ಭೇಟಿಯಲ್ಲಿ ಆಕೆ ಇದನ್ನು ಹೇಳುವಾಗ ಮುಖದಲ್ಲಿ ದುಃಖದ ಜೊತೆ ಇನ್ನೇನೋ ಇತ್ತು. ಅದೇನು ಎಂದು ಕೇಳಿದಾಗ ತುಂಬ ಹೊತ್ತಾದ ಮೇಲೆ ಉತ್ತರ ಬಂತು: “ಖುಷಿ ಆತ್ರಿ.” ಹತ್ತು ವಾರದಲ್ಲಿ ಆಕೆ ಆಡಿದ ಅತ್ಯಂತ ಧೈರ್ಯದ ಮಾತು ಇದು. ನಾನೊಬ್ಬನೇ ಉಳಿದಿದ್ದೇನೆ ಎಂದು ಎಲೀಯನೂ ಎರಡು ಸಲ ಹೇಳುತ್ತಾನೆ. ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎನ್ನುವ ದೇವರ ಉತ್ತರ ಅವನಿಗೆ ಸಮಾಧಾನ ತಂದಿತೋ ಅಥವಾ ಒಳಗೆ ಚುಚ್ಚಿತೋ, ಎರಡೂ ಇರಬಹುದು. ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎನ್ನುವುದರಲ್ಲಿ ದಣಿವಿನ ಜೊತೆ ಒಂದು ರುಚಿಯೂ ಇದೆ. ಆ ರುಚಿ ಪಾಪವೆಂದು ಆಕೆಯನ್ನು ಹೆದರಿಸಲಿಲ್ಲ, ಅದು ಇದೆ ಎಂದು ಗುರುತಿಸಿದ್ದು ಸಾಕಿತ್ತು. ಅಜ್ಜಿಯ ಮನೆಗೆ ಎರಡು ಸಲ ಸ್ವಯಂಸೇವಕಿಯ ಜೊತೆ ಹೋಗಿ, ಸ್ನಾನ ಮಾಡಿಸುವಾಗ ತಾವು ನೀರು ಮಾತ್ರ ಹಾಕಿ, ಮೂರನೇ ಸಲ ಹೋಗದೇ ಇರುವುದು ಎಂದು ತೀರ್ಮಾನವಾಯಿತು.

ಮೂರು ತಿಂಗಳ ಬಳಿಕದ ಫೋನಿನಲ್ಲಿ ತಿಳಿದದ್ದು: ಹಿಮೋಗ್ಲೋಬಿನ್ 11.4. ನಿದ್ದೆ ವಾರಕ್ಕೆ 45 ಗಂಟೆಯ ಹತ್ತಿರ. ಏಳದಿದ್ದರೆ ಒಳ್ಳೆಯದು ಎನ್ನುವ ಯೋಚನೆ ಬಂದು ಬಹಳ ದಿನವಾಗಿದೆ. ಸಾಲದ ಅಸಲು 52,000ಕ್ಕೆ ಇಳಿದಿದೆ, ಡಿಪೊದ ಓವರ್‌ಟೈಮ್ ದುಡ್ಡು ಅದಕ್ಕೇ ಹೋಗುತ್ತಿದೆ. ಹುಡುಗನ ಮನೆಯವರು ಎರಡು ಕಂತು ಕೊಟ್ಟು ಮೂರನೆಯದು ತಪ್ಪಿಸಿದ್ದಾರೆ. ಬಿಟ್ಟುಹೋದ ಸ್ವಯಂಸೇವಕರ ಜಾಗಕ್ಕೆ ಇಬ್ಬರು ಬಂದಿದ್ದಾರೆ, ಒಬ್ಬರು ಓಣಿಯ ಮುಸ್ಲಿಂ ಹೆಣ್ಣುಮಗಳು, ಆಕೆಯ ಅತ್ತೆಯನ್ನು ಸಿಸ್ಟರ್ ಹಿಂದೆ ನೋಡಿಕೊಂಡಿದ್ದರು. ಅಜ್ಜಿ ಬಾಗಿಲು ತೆರೆಯುತ್ತಿದ್ದಾರೆ, ಆದರೆ ಬಂದವರು ಬಿಸಿನೀರು ಹದ ಮಾಡುವುದು ಸರಿಯಿಲ್ಲ ಎಂದು ಪ್ರತಿ ಸಲ ಬೈಯುತ್ತಾರೆ.